ಅಮ್ಮನ ಹಾಳೆಯಲ್ಲಿ ನಿನ್ನ ಹೆಸರು

ವಿದಿನ್,
9 ಸೆಪ್ಟೆಂಬರ್ 2018, ಭಾನುವಾರ

ಪ್ರೀತಿಯ ವೆಸ್ಕೊ ಅಣ್ಣಾ,

ಹೇಗಿದ್ದೀಯ? ಬೆನ್ನು ನೋವು ಈಗ ಹೇಗಿದೆ? ಹೋದ ಚಳಿಗಾಲದಲ್ಲಿ ನಿನ್ನ ಹಡಗಿನ ಅಡುಗೆಯವನು ಮಾರುಕಟ್ಟೆಯಲ್ಲಿ ಸಿಕ್ಕಿದ್ದ. ನೀನು ಸೊಂಟಕ್ಕೆ ಬೂದು ಉಣ್ಣೆಯ ಪಟ್ಟಿ ಸುತ್ತಿಕೊಂಡೇ ಚುಕ್ಕಾಣಿ ಹಿಡಿಯುತ್ತೀಯೆಂದೂ, ಯಾರಾದರೂ ನಕ್ಕರೆ ಬೈಯುತ್ತೀಯೆಂದೂ ಹೇಳಿದ. ಅದು ಅಮ್ಮ ಹೆಣೆದದ್ದು. ಅದರ ಜೋಡಿ ಅಪ್ಪನ ಹತ್ತಿರ ಇದೆ, ಅವರು ಬೇಸಿಗೆಯಲ್ಲೂ ಬಿಚ್ಚುವುದಿಲ್ಲ. ಇಲ್ಲಿ ನಾವು ಮೂವರೂ ಚೆನ್ನಾಗಿದ್ದೇವೆ. ಹೀಗೆ ಬರೆದು ಒಂದು ಗಳಿಗೆ ಪೆನ್ನು ಕೆಳಗಿಟ್ಟೆ, ರೂಢಿಗೆ ಬರೆದೆನೋ ನಿಜವಾಗಿ ಬರೆದೆನೋ ಎಂದು. ನಿಜವೇ. ಅಪ್ಪನ ಎಡ ಮಂಡಿ ಮೆಟ್ಟಿಲು ಇಳಿಯುವಾಗ ತಕರಾರು ತೆಗೆಯುತ್ತದೆ, ಹತ್ತುವಾಗ ಸುಮ್ಮನಿರುತ್ತದೆ. ನನ್ನ ಮಗಳಿಗೆ ಹನ್ನೆರಡು ತುಂಬಿತು; ನನ್ನ ಚಪ್ಪಲಿ ರಾಯಾಳ ಕಾಲಿಗೆ ಸರಿಹೋಗುತ್ತಿದೆ, ಹಾಗಾಗಿ ನನಗೆ ಚಪ್ಪಲಿಯೇ ಸಿಗುತ್ತಿಲ್ಲ. ಬೀದಿಯ ತುಂಬ ಕೆಂಪು ಮೆಣಸಿನಕಾಯಿ ಸುಡುವ ವಾಸನೆ. ಪಕ್ಕದ ಮನೆಯ ಗಿನಾ ಚಿಕ್ಕಮ್ಮ ಬೇಲಿಯಾಚೆಯಿಂದಲೇ ನಮ್ಮ ಒಲೆಯ ಉರಿಯನ್ನು ಟೀಕಿಸುತ್ತಿದ್ದಾಳೆ. ಅಂದರೆ ಅವಳೂ ಕ್ಷೇಮ.

ಫೋನಿನಲ್ಲಿ ಹೇಳಬಹುದಾದದ್ದನ್ನು ಕಾಗದದಲ್ಲಿ ಬರೆಯುತ್ತಿದ್ದೇನೆ, ಏಕೆಂದರೆ ಮನೆಯ ನಂಬರು ಕಂಡರೆ ನೀನು ಎತ್ತುವುದಿಲ್ಲ. ಅಚ್ಚುಮನೆಯಲ್ಲಿ ದುಡಿದವಳ ಮಗ, ಕಾಗದವನ್ನು ಓದದೆ ಎಸೆಯಲಾರೆ ಎಂಬ ಧೈರ್ಯ. ಇದೇ ಇಪ್ಪತ್ತೆರಡು, ಶನಿವಾರ, ಅಮ್ಮ ಹೋಗಿ ಒಂದು ವರ್ಷ. ಈ ವರ್ಷದಲ್ಲಿ ನಿನ್ನ ಸರಕುದೋಣಿಗಳು ನಮ್ಮ ಊರಿನ ಮುಂದೆ ಒಂಬತ್ತು ಸಲ ಹಾದುಹೋಗಿವೆ. ಒಂದು ಸಲವೂ ನೀನು ಇಳಿಯಲಿಲ್ಲ, ಒಂದು ಸಲವೂ ಹಾರ್ನ್ ಹಾಕಲಿಲ್ಲ. ಕಾರಣ ನಿನಗೂ ಗೊತ್ತು, ನನಗೂ ಗೊತ್ತು: ಅಮ್ಮನ ನೆನಪಿನ ಹಾಳೆ. ಮಣ್ಣು ಮಾಡುವ ಹಿಂದಿನ ದಿನ ಊರ ಗೋಡೆಗಳಿಗೆ, ದೀಪದ ಕಂಬಗಳಿಗೆ, ನಮ್ಮ ಗೇಟಿಗೆ ಅಂಟಿಸಿದ ಹಾಳೆಯ ಫೋಟೊವನ್ನು ನಾನೇ ಅಚ್ಚಿನಂಗಡಿಯಿಂದ ನಿನಗೆ ಕಳಿಸಿದ್ದೆ. ಮೇಲೆ ಅಮ್ಮನ ಚಿತ್ರ, ‘ಪ್ರೀತಿಯ ಪತ್ನಿ, ತಾಯಿ, ಅಜ್ಜಿ ವೆನೆತಾ’, ಕೆಳಗೆ ದುಃಖಿಸುವವರ ಸಾಲು: ಪತಿ ನಾಯ್ದೆನ್, ಮಗಳು ನೆದಾ, ಮೊಮ್ಮಗಳು ರಾಯಾ. ಅಷ್ಟೇ. ನೀನು ಆಗ ಆಸ್ಟ್ರಿಯಾದಲ್ಲಿ ಹಡಗು ದಾಟಿಸುವ ಯಾವುದೋ ನೀರುಗೇಟಿನ ಹಿಂದೆ, ನದಿಯಲ್ಲಿ ನೀರು ತಗ್ಗಿ, ಸಿಕ್ಕಿಕೊಂಡಿದ್ದೆ. ಮಂಗಳವಾರದ ತನಕ ಕಾಯಿರಿ ಎಂದಿದ್ದೆ, ಕಾಯಲು ಆಗಲಿಲ್ಲ. ಸಂಜೆ ನೀನು ಫೋನ್ ಮಾಡಿ “ನನ್ನ ಹೆಸರೆಲ್ಲಪ್ಪಾ?” ಎಂದು ಕೇಳಿದಾಗ ಅಪ್ಪ “ನಾನೇ ಬಿಡಿಸ್ದೆ” ಎಂದರು. ನೀನು ಫೋನ್ ಇಟ್ಟೆ. ಇಟ್ಟದ್ದನ್ನು ಇನ್ನೂ ಎತ್ತಿಲ್ಲ.

ಈಗ ವರ್ಷದ ಹಾಳೆ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ನಲವತ್ತನೇ ದಿನದ ಹಾಳೆಗೂ ಆರು ತಿಂಗಳ ಹಾಳೆಗೂ ಅಪ್ಪ “ಹೆಸರುಗಳೇ ಬೇಡ, ಮನೆಯವರು ಅಂತ ಹಾಕ್ಸು, ಸಾಕು” ಎಂದಿದ್ದರು. ಅವರ ಮನಸ್ಸು ನಿನ್ನ ವಿಷಯದಲ್ಲಿ ಕಲ್ಲಾಗಿದೆ ಅಂದುಕೊಂಡಿದ್ದೆ. ವರ್ಷದ ಹಾಳೆಯನ್ನು ಹಾಗೆ ಮುಗಿಸಲಾಗದು. ಮಂಗಳವಾರ ಬಸ್ ನಿಲ್ದಾಣದ ಪಕ್ಕದ ಅಂಗಡಿಗೆ ಹೋದೆ. ಅಮ್ಮನ ಕುರ್ಚಿಯಲ್ಲಿ ಕೂತಿರುವ ಹುಡುಗಿ ಒಳ್ಳೆಯವಳು, ಉಗುರಿಗೆ ನೇರಳೆ ಬಣ್ಣ ಹಚ್ಚುತ್ತಾಳೆ. ಸಿದ್ಧ ಪದ್ಯಗಳ ಪುಸ್ತಕವನ್ನು ನನ್ನ ಕಡೆಗೆ ತಳ್ಳಿ, “ಹದಿನೇಳು ತಗೊಳ್ಳಿ ಅಕ್ಕಾ, ತುಂಬಾ ಚೆನ್ನಾಗಿದೆ, ಎಲ್ರೂ ಅದನ್ನೇ ತಗೋತಾರೆ” ಅಂದಳು. ನನಗೆ ತುಟಿ ಕಚ್ಚಿಕೊಳ್ಳಬೇಕಾಯಿತು. ಹದಿನೇಳು ನೆನಪಿದೆ ತಾನೆ? ‘ಶಾಂತವಾಗಿ ಬಾಳಿದಿರಿ, ಶಾಂತವಾಗಿ ನಡೆದಿರಿ, ಸದಾ ನಮ್ಮ ಮನದಲ್ಲಿರುವಿರಿ.’ ಹೆತ್ತ ಮಕ್ಕಳಿಗೂ ಹೇಳಲು ಏನೂ ಹೊಳೆಯದಂಥವರಿಗೆಂದು ಅಮ್ಮ ಮೀಸಲಿಟ್ಟಿದ್ದ ನಂಬರು ಅದು. ನಾವು ಹೋಂವರ್ಕ್ ಮಾಡದೆ ಕೂತರೆ, ಅಪ್ಪ ಮೂರು ದಿನ ಮಾತಾಡದೆ ಮುನಿಸಿಕೊಂಡರೆ, ಅಮ್ಮ ಅಡುಗೆಮನೆಯಿಂದ ಕೂಗುತ್ತಿದ್ದಳು: “ಹಿಂಗೇ ಇರು, ಕೊನೆಗೆ ನಿಂಗೆ ಹದಿನೇಳೇ ಗತಿ!”

ಇಂಗ್ಲಿಷ್ ಶಾಲೆಯಲ್ಲಿ ಓದಿ, ಬಟ್ಟೆ ಒಗೆಯುವ ಯಂತ್ರಗಳ ಕೈಪಿಡಿಗಳನ್ನು ಅನುವಾದಿಸಿ ಬದುಕುವವಳು ನಾನು. ಯಾವ ಗುಂಡಿ ಒತ್ತಿದರೆ ಏನಾಗುತ್ತದೆಂದು ನಲವತ್ತು ಪುಟ ಬರೆಯಬಲ್ಲೆ. ನನ್ನ ಅಮ್ಮನ ಬಗ್ಗೆ ಆರು ಸಾಲು ಬರೆಯಲು ಐದು ದಿನದಿಂದ ಕೂತಿದ್ದೇನೆ. ಬರೆದದ್ದೆಲ್ಲ ಹದಿನೇಳರ ಹಾಗೆಯೇ ಕಾಣುತ್ತದೆ. ಆದ್ದರಿಂದ ನಿನಗೆ ಗೊತ್ತಿರುವುದನ್ನೇ ನಿನಗೆ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡ. ನಿನ್ನ ಜೊತೆ ಮಾತಾಡಿದರೆ ಆರು ಸಾಲು ಸಿಕ್ಕಾವು ಎಂಬ ಆಸೆ.

ಅಮ್ಮ ಜನರನ್ನು ಹೇಗೆ ಕೇಳುತ್ತಿದ್ದಳು ನೋಡು. ಯಾರಾದರೂ ಅಳುತ್ತಾ ಅಂಗಡಿಗೆ ಬಂದರೆ ಮೊದಲು ಕಾಫಿ, ಆಮೇಲೆ ಚಿತ್ರ, ಆಮೇಲೆ ಒಂದೇ ಪ್ರಶ್ನೆ: “ಅವ್ರು ಮನೆಯೊಳಗೆ ಬರುವಾಗ ಏನಂತಿದ್ರು?” ಜನ ತಬ್ಬಿಬ್ಬಾಗುತ್ತಿದ್ದರು. ಸಾಧನೆ ಹೇಳಲು, ಗುಣ ಹೊಗಳಲು ಬಂದವರು. ಕಾಫಿ ಮುಗಿಸಿ ಯಾರೋ ಹೇಳುತ್ತಿದ್ದರು, ‘ಟೋಪಿ ತೆಗೆದು ಮೊಳೆಗೆ ಎಸೀತಿದ್ರು, ಒಂದಿನಾನೂ ಮೊಳೆಗೆ ಬೀಳ್ಲಿಲ್ಲ.’ ಅಷ್ಟು ಸಾಕು ಅಮ್ಮನಿಗೆ. ಮರುದಿನ ಊರಿನ ಗೋಡೆಗಳ ಮೇಲೆ ಬಸ್ ಡ್ರೈವರ್ ಒಬ್ಬ ಟೋಪಿ ಎಸೆಯುತ್ತಾ ನಗುತ್ತಿರುತ್ತಿದ್ದ. ಮೂವತ್ತೊಂದು ವರ್ಷ. ಮೊದಲು ಸರ್ಕಾರಿ ಅಚ್ಚುಮನೆಯಲ್ಲಿ ಸೀಸದ ಅಚ್ಚುಮೊಳೆ ಜೋಡಿಸಿ, ಅದು ಮುಚ್ಚಿದ ಮೇಲೆ ಈ ಚಿಕ್ಕ ಅಂಗಡಿಯಲ್ಲಿ ಕಂಪ್ಯೂಟರ್ ಮುಂದೆ. ಈ ಊರಿನಲ್ಲಿ ಅವಳ ಕೈ ದಾಟದೆ ಯಾರೂ ಸತ್ತಿಲ್ಲ ಎಂದು ಗಿನಾ ಚಿಕ್ಕಮ್ಮ ಹೇಳುತ್ತಾಳೆ. ಅಮ್ಮ ಬದುಕಿದ್ದಾಗ ಇದೇ ಗಿನಾ ಚಿಕ್ಕಮ್ಮ ಹೇಳುತ್ತಿದ್ದದ್ದು ಬೇರೆ: “ವೆನೆತಾ, ನೀನು ನನ್ನ ನೋಡೋ ನೋಟ ನಂಗೆ ಹಿಡಿಸಲ್ಲ ಕಣೇ, ಚಿತ್ರಕ್ಕೆ ಅಳತೆ ತಗೊಂಡಂಗಿರುತ್ತೆ.”

ಆ ಇಬ್ಬರು ಅಣ್ಣತಮ್ಮಂದಿರ ಕಥೆ ನಿನಗೆ ನೆನಪಿರಲೇಬೇಕು. ದ್ರಾಕ್ಷಿ ತೋಟದ ಬೇಲಿಗೆ ಜಗಳವಾಡಿ ಹದಿನಾಲ್ಕು ವರ್ಷ ಮಾತು ಬಿಟ್ಟಿದ್ದರು. ತಾಯಿ ತೀರಿಕೊಂಡಾಗ ಬೆಳಗ್ಗೆ ಅಣ್ಣ ಬಂದು ಹಾಳೆ ಮಾಡಿಸಲು ಹೇಳಿದ, ತಮ್ಮನ ಹೆಸರಿಲ್ಲದೆ. ಮಧ್ಯಾಹ್ನ ತಮ್ಮ ಬಂದ, ಅಣ್ಣನ ಹೆಸರಿಲ್ಲದೆ. ಅಮ್ಮ ಇಬ್ಬರಿಗೂ ಆಗಲಿ ಎಂದು ತಲೆಯಾಡಿಸಿ, ಇಬ್ಬರ ಹೆಸರೂ ಇರುವ ಒಂದೇ ಹಾಳೆ ಅಚ್ಚು ಹಾಕಿ, ಅರ್ಧರ್ಧ ಸುತ್ತಿ ಕೊಟ್ಟಳು. ಇಬ್ಬರೂ ಅಳುತ್ತಾ ಅಂಟಿಸಿಕೊಂಡು ಹೋದರು, ಓದಲೇ ಇಲ್ಲ. ಓದಿದ್ದು ಊರು. ಮರುದಿನ ಇಬ್ಬರೂ ಒಟ್ಟಿಗೇ ಅಂಗಡಿಗೆ ನುಗ್ಗಿ ಕೂಗಾಡಿದರು. ಹದಿನಾಲ್ಕು ವರ್ಷದ ನಂತರ ಅವರು ಜೊತೆಯಾಗಿ ಮಾಡಿದ ಮೊದಲ ಕೆಲಸ ಅಮ್ಮನನ್ನು ಬೈದದ್ದು. ಅಮ್ಮ ಆ ಸಂಜೆ ಊಟಕ್ಕೆ ಕೂತು ನಮಗೆ ಹೇಳಿದಳು: “ಬದುಕಿರೋರ ಹೆಸರು ಬಿಡಬಾರ್ದು ಮಕ್ಕಳಾ. ಜಗಳ ಬಾಯಲ್ಲಿರ್ಲಿ, ಅಚ್ಚು ಹಾಕ್ಬೇಡಿ. ಬಾಯಿದು ಒರೆಸಿದ್ರೆ ಹೋಗುತ್ತೆ.” ನೀನು ಆಗ ಮೀನಿನ ಮುಳ್ಳು ಬಿಡಿಸುತ್ತಿದ್ದೆ. ನಾನು ಕೇಳಿಸಿಕೊಳ್ಳುತ್ತಿದ್ದೆ. ಕೇಳಿಸಿಕೊಂಡೂ... ಇರಲಿ, ಅದಕ್ಕೆ ಬರುತ್ತೇನೆ.

ಪತ್ನಿ, ತಾಯಿ, ಅಜ್ಜಿ. ಹಾಳೆಯಲ್ಲಿ ಈ ಮೂರೂ ಪದ ಒಂದೇ ಸಾಲಿನಲ್ಲಿ ಎಷ್ಟು ಸಲೀಸಾಗಿ ಕೂರುತ್ತವೆ. ಪತ್ನಿಯಾದದ್ದರ ಕಥೆಯನ್ನು ಅಪ್ಪ ಈ ವರ್ಷ ಮೊದಲ ಸಲ ಪೂರ್ತಿ ಹೇಳಿದರು, ಅದೂ ರಾಯಾ ಪೀಡಿಸಿದ್ದಕ್ಕೆ. ಅವರು ಆಗ ತಾನೆ ಶಾಲೆಗೆ ಡ್ರಾಯಿಂಗ್ ಮೇಷ್ಟ್ರಾಗಿ ಬಂದಿದ್ದರಂತೆ. ಅಚ್ಚುಮನೆಯವರನ್ನು ನಂಬದೆ ಶಾಲೆಯ ಪ್ರದರ್ಶನದ ನೋಟೀಸನ್ನು ತಾವೇ ಅಕ್ಷರ ಬರೆದು ತಂದರಂತೆ. ಕೌಂಟರಿನ ಹಿಂದಿದ್ದ ಹುಡುಗಿ ಉಕ್ಕಿನ ಅಳತೆಪಟ್ಟಿ ಇಟ್ಟು, “ಮೂರನೇ ಸಾಲು ಕೂದಲೆಳೆಯಷ್ಟು ಸೊಟ್ಟ ಮೇಷ್ಟ್ರೇ” ಅಂದಳು. ತಿದ್ದಿ ತಂದರೆ ಮರುದಿನ ಎರಡನೇ ಸಾಲು ಸೊಟ್ಟ. ಅದರ ಮರುದಿನ ಐದನೆಯದು. ಆರನೇ ದಿನ ಅಪ್ಪ ಹಾಳೆಯನ್ನೇ ತರಲಿಲ್ಲ. “ಯಾವ ಸಾಲೂ ಸೊಟ್ಟ ಇಲ್ಲ ಅಂತ ನಂಗೊತ್ತು. ಸಂಜೆ ನದಿ ಕಡೆ ಬರ್ತೀರಾ?” ಅಂದರಂತೆ. ಅದಕ್ಕೆ ಅಮ್ಮ, “ನಾಲ್ಕನೇ ಸಾಲು ನಿಜವಾಗ್ಲೂ ಸೊಟ್ಟ ಇತ್ತು” ಎಂದು ಕೋಟು ತೆಗೆದುಕೊಂಡಳಂತೆ. ಅಪ್ಪ ಈಗಲೂ ಅದನ್ನು ಒಪ್ಪುವುದಿಲ್ಲ. ಆ ನೋಟೀಸನ್ನು ಟ್ರಂಕಿನಿಂದ ತೆಗೆದು, ಅಳತೆಪಟ್ಟಿ ಇಟ್ಟು ರಾಯಾಳಿಗೆ ತೋರಿಸಿದರು. ಸ್ವಲ್ಪ ಸೊಟ್ಟವೇ, ಅಣ್ಣಾ. ನಾವಿಬ್ಬರೂ ಹೇಳಲಿಲ್ಲ.

ತಾಯಿಯ ವಿಷಯ ನಾನು ನಿನಗೆ ಹೇಳಬೇಕೇ? ಒಂದನ್ನು ಮಾತ್ರ ಬರೆಯುತ್ತೇನೆ. ಕೆಲಸದಿಂದ ಬಂದು ಬಾಗಿಲಲ್ಲಿ ಬೂಟು ಕಳಚುವ ಮುಂಚೆ ಅವಳ ಕೂಗು: “ಎಲ್ಲಾ ಇದ್ದೀರಾ?” ನಾವು ಒಬ್ಬೊಬ್ಬರೇ ‘ಇದ್ದೀನಿ’ ಅನ್ನಬೇಕು, ಅಪ್ಪ ಸಹಿತ. ಸ್ನಾನದಮನೆಯಲ್ಲಿದ್ದರೂ ಅಲ್ಲಿಂದಲೇ. ನೀನು ನದಿ ಹಡಗಿನ ಕೆಲಸಕ್ಕೆ ಸೇರಿದ ಮೇಲೆ ನಿನ್ನ ಸರದಿಗೆ ಅವಳೇ ಉತ್ತರ ಕೊಡುತ್ತಿದ್ದಳು: “ವೆಸ್ಕೊ ನೀರ ಮೇಲಿದಾನೆ.” ಎಂಟು ವರ್ಷದ ಹಿಂದೆ ನನ್ನ ಮದುವೆ ಮುರಿದು, ರಾಯಾಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಎರಡು ಪೆಟ್ಟಿಗೆಯೊಂದಿಗೆ ತವರಿಗೆ ಬಂದೆನಲ್ಲ, ಅವತ್ತು ಅಮ್ಮ ಕೆಲಸ ಮುಗಿಸಿ ಬಂದಳು, ಬಾಗಿಲಲ್ಲಿ ಪೆಟ್ಟಿಗೆ ನೋಡಿದಳು. ಒಂದೂ ಪ್ರಶ್ನೆ ಇಲ್ಲ. ಎಂದಿನಂತೆ ಬೂಟಿನ ಲೇಸಿಗೆ ಬಗ್ಗಿ “ಎಲ್ಲಾ ಇದ್ದೀರಾ?” ಅಂದಳು. ‘ಇದ್ದೀನಿ’ ಅಂದೆ.

ಆ ಹಳದಿ ಮೇಜುಬಟ್ಟೆಯ ಬಗ್ಗೆಯೂ ಬರೆಯಬೇಕು. ನಿನ್ನ ಹಡಗು ಬರುವ ಹೊತ್ತು ತಿಳಿದರೆ ಅಮ್ಮ ಅದನ್ನು ಮಡಚಿ ಚೀಲಕ್ಕೆ ಹಾಕಿ, ನದಿ ಪಾರ್ಕಿನ ಮೆಟ್ಟಿಲಿಗೆ ಹೋಗುತ್ತಿದ್ದಳು. ನೀನು ಉದ್ದಕ್ಕೊಂದು, ಗಿಡ್ಡಕ್ಕೊಂದು ಹಾರ್ನ್ ಹಾಕಿದ ಕೂಡಲೇ ಬಟ್ಟೆಯ ಎರಡು ಮೂಲೆ ಹಿಡಿದು ಊಟದ ಚೂರು ಕೊಡವುವಂತೆ ಕೊಡವುತ್ತಿದ್ದಳು. ಸುಮ್ಮನೆ ಕೈ ಬೀಸಬಾರದೇ ಎಂದು ನಾನು ಒಮ್ಮೆ ನಾಚಿಕೆಯಿಂದ ಕೇಳಿದ್ದೆ. “ಕೈ ಯಾರು ಬೇಕಾದ್ರೂ ಬೀಸ್ತಾರೆ. ದಡದಲ್ಲಿ ಮೇಜುಬಟ್ಟೆ ಕೊಡವೋ ಹುಚ್ಚಿ ಅವ್ನಮ್ಮ ಒಬ್ಳೇ. ಅಷ್ಟು ದೂರದಿಂದ ಗುರುತು ಸಿಗ್ಬೇಡ್ವಾ?” ಎಂದಳು.

ಇನ್ನು ಅಜ್ಜಿ. ರಾಯಾ ಓದಲು ಕಲಿತದ್ದು ಶಾಲೆಯಲ್ಲಲ್ಲ, ಅಜ್ಜಿಯ ಕೈ ಹಿಡಿದು ಪೇಟೆಗೆ ಹೋಗುವ ದಾರಿಯಲ್ಲಿ, ಗೋಡೆಯ ಹಾಳೆಗಳನ್ನು ನೋಡಿ. ದೊಡ್ಡ ಅಕ್ಷರ, ಸುತ್ತ ಕಪ್ಪು ಗೆರೆ, ಮೇಲೊಂದು ಮುಖ; ಇದಕ್ಕಿಂತ ಒಳ್ಳೆಯ ಪಾಠಪುಸ್ತಕ ಇಲ್ಲ ಎಂಬುದು ಅಮ್ಮನ ವಾದ. ನಾಲ್ಕೂವರೆ ವರ್ಷದ ಮಗು ಬಸ್ಸಿನಲ್ಲಿ ಗಟ್ಟಿಯಾಗಿ ‘ದುಃಖಿತರು’ ಎಂದು ಓದಿದಾಗ ಮುಂದಿನ ಸೀಟಿನ ಹೆಂಗಸು ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡಳು. ನಾನು ಜಗಳ ಆಡಿದೆ. ಮಕ್ಕಳಿಗೆ ಬೆಕ್ಕು, ಚೆಂಡು ಎಂದು ಹೇಳಿಕೊಡಬೇಕು ಎಂದೆ. “ಬೆಕ್ಕಿನ ಚಿತ್ರದ ಕೆಳಗೆ ಬೆಕ್ಕು ಅಂತ ಬರೆದಿದ್ರೆ ಓದೋದ್ಯಾಕೆ? ಇಲ್ಲಿ ಓದಿದ್ರೆ ತಾನೆ ಯಾರ ಅಜ್ಜ ಅಂತ ಗೊತ್ತಾಗೋದು” ಅಂದಳು.

ಆ ಅಭ್ಯಾಸ ರಾಯಾಳಿಗೆ ಅಂಟಿಬಿಟ್ಟಿದೆ. ನಡೆಯುತ್ತಾ ನಡೆಯುತ್ತಾ ಗೋಡೆಗಳನ್ನೆಲ್ಲ ಓದುತ್ತಾಳೆ. ಹೋದ ಬುಧವಾರ ನಾವಿಬ್ಬರೂ ಹಳೆಯ ದೋಣಿ ನಿಲ್ದಾಣದ ಕಡೆ ಹೋಗಿದ್ದೆವು. ಸೇತುವೆ ಆದ ಮೇಲೆ ಅಲ್ಲಿಗೆ ಯಾರೂ ಬರುವುದಿಲ್ಲ, ಟಿಕೆಟ್ ಕಿಟಕಿಗೆ ಹಲಗೆ ಹೊಡೆದಿದ್ದಾರೆ. ಸೂರಿನ ಕೆಳಗಿನ ಗೋಡೆಯಲ್ಲಿ ಅಮ್ಮನ ಮೊದಲ ಹಾಳೆ ಇನ್ನೂ ಇತ್ತು. ಮಳೆ ತಾಗದ ಜಾಗ, ಬಿಸಿಲಿಗೆ ಹಳದಿಯಾಗಿತ್ತು ಅಷ್ಟೆ. ನಾನು ಮುಖ ತಿರುಗಿಸಿ ಮುಂದೆ ಹೋದೆ. ಆ ಹಾಳೆಯನ್ನು ನಾನು ಒಂದು ವರ್ಷದಿಂದ ಸರಿಯಾಗಿ ನೋಡಿರಲಿಲ್ಲ. ರಾಯಾ ನಿಂತೇ ಇದ್ದಳು. “ಅಮ್ಮಾ, ವೆಸ್ಕೊ ಮಾಮನ ಹೆಸರಿಲ್ಲ ಅಂತೀರಲ್ಲ ಎಲ್ರೂ. ಇಲ್ಲೂ ಇದೆಯಲ್ಲ!” ಎಂದು ಕೂಗಿದಳು.

ಇತ್ತು, ಅಣ್ಣಾ. ‘ಪತಿ ನಾಯ್ದೆನ್’ ಮತ್ತು ‘ಮಗಳು ನೆದಾ’ ನಡುವಿನ ಸಂದಿಯಲ್ಲಿ, ನಿನ್ನ ಪೂರ್ತಿ ಹೆಸರು, ‘ಮಗ ವೆಸೆಲಿನ್’. ಕಪ್ಪು ಶಾಯಿ, ಅಚ್ಚಿನ ಅಕ್ಷರದ್ದೇ ಎತ್ತರ, ಅದೇ ದಪ್ಪ. ಹತ್ತಿರ ಹೋಗಿ ಬೆರಳಾಡಿಸಿದರೆ ಮಾತ್ರ ಪೆನ್ನಿನ ಗೀರು ತಿಳಿಯುತ್ತದೆ. ಹಾಗೆ ಅಕ್ಷರ ಬರೆಯುವ ಕೈ ಈ ಊರಿನಲ್ಲಿ ಒಂದೇ ಇದೆ. ಸಾಲು ಬಲಕ್ಕೆ ಕೂದಲೆಳೆಯಷ್ಟು ಏರಿತ್ತು.

ನಾನು ರಾಯಾಳ ಕೈ ಹಿಡಿದು ಊರೆಲ್ಲ ಅಲೆದೆ. ಔಷಧದಂಗಡಿಯ ಗೋಡೆಯಲ್ಲಿ ನಲವತ್ತನೇ ದಿನದ ಹಾಳೆಯ ಅಂಚು ಎದ್ದಿತ್ತು, ಬಿಡಿಸಿ ನೋಡಿದೆ. ಕೆಳಗೆ ಹಳೆಯದು, ಅದರಲ್ಲೂ ‘ಮಗ ವೆಸೆಲಿನ್’. ಬಸ್ ನಿಲ್ದಾಣದ ಕಂಬದಲ್ಲಿ ಅರ್ಧ ಹರಿದ ಹಾಳೆ, ಉಳಿದ ಅರ್ಧದಲ್ಲಿ ‘ವೆಸೆಲಿ’. ಬೇಕರಿಯ ಬಾಗಿಲ ಪಕ್ಕ. ಶಾಲೆಯ ಗೇಟು. ನಮ್ಮ ಮನೆಯ ಗೇಟಿನ ಹಾಳೆಯನ್ನು ಮಾತ್ರ ಮಣ್ಣಾದ ವಾರವೇ ಗಾಳಿ ಹೊತ್ತೊಯ್ದಿತ್ತು. ಇಡೀ ಊರು ಒಂದು ವರ್ಷದಿಂದ ನಿನ್ನ ಹೆಸರನ್ನು ಓದುತ್ತಿದೆ. ಓದದೆ ಇದ್ದವರು ಇಬ್ಬರೇ. ನೀನು ನೋಡಿದ್ದು ಅಂಗಡಿಯ ಮೇಜಿನ ಮೇಲಿದ್ದ ಹಾಳೆಯ ಫೋಟೊ. ನಾನು ನೋಡಲೇ ಇಲ್ಲ.

ಮನೆಗೆ ಬಂದಾಗ ಅಪ್ಪ ಅಂಗಳದಲ್ಲಿ ಮೆಣಸಿನಕಾಯಿ ಸುಡುತ್ತಿದ್ದರು. ಈ ವರ್ಷದ ಗೊಜ್ಜು ಅವರದೇ ಜವಾಬ್ದಾರಿ. ಅಮ್ಮನ ಚೀಟಿಯಲ್ಲಿ ಉಪ್ಪಿನ ಮುಂದೆ ‘ಸಾಕೆನಿಸುವಷ್ಟು’ ಎಂದು ಮಾತ್ರ ಬರೆದಿದೆ ಎಂದು ಬೆಳಗ್ಗಿನಿಂದ ಗೊಣಗುತ್ತಿದ್ದರು. ನಾನು ಎದುರು ನಿಂತು, “ಅಪ್ಪಾ, ಹಾಳೆಗಳ ಮೇಲೆ ವೆಸ್ಕೊನ ಹೆಸರು ಬರೆದೋರು ನೀವಾ?” ಎಂದು ಕೇಳಿದೆ. ತಲೆ ಎತ್ತಲಿಲ್ಲ. ಒಂದು ಮೆಣಸಿನಕಾಯಿ ಮಗುಚಿ ಹಾಕಿ, “ಬಸ್ ನಿಲ್ದಾಣದಲ್ಲಿ ಪೆನ್ನು ಓಡ್ಲಿಲ್ಲ. ಇಬ್ಬನಿ ಬಿದ್ದಿತ್ತು. ಒಣಗೋ ತನಕ ಬೆಂಚ್ ಮೇಲೆ ಕೂತಿದ್ದೆ” ಎಂದರು. ಎಲ್ಲದಕ್ಕೂ ಬರೆದಿರಾ ಎಂದೆ. “ಆಸ್ಪತ್ರೆ ದಿಬ್ಬದ್ದು ಬಿಟ್ಟೆ. ಮಂಡಿ ಕೇಳ್ಲಿಲ್ಲ.” ಅಮ್ಮನನ್ನು ಮಣ್ಣು ಮಾಡುವ ದಿನ ಬೆಳಗ್ಗೆ ಅವರು ಎಲ್ಲಿ ಹೋಗಿದ್ದರೆಂದು ನಾವು ಯಾರೂ ಕೇಳಿರಲಿಲ್ಲ. ಒಬ್ಬರೇ ಇರಬೇಕೆನಿಸಿ ನದಿಯ ಕಡೆ ಹೋಗಿರಬಹುದು ಅಂದುಕೊಂಡಿದ್ದೆವು. ಬೇಲಿಯಾಚೆಯಿಂದ ಗಿನಾ ಚಿಕ್ಕಮ್ಮ, “ನಾಯ್ದೆನ್, ಮಾತು ಆಮೇಲೆ ಆಡು, ಕರಟಿ ಹೋಗ್ತಿದೆ!” ಎಂದು ಕೂಗಿದಳು. ಅಪ್ಪ “ನಿಂಗೆ ಹದಿನೇಳೇ!” ಎಂದು ತಿರುಗಿ ಕೂಗಿದರು. ಅವಳಿಗೆ ಏನೆಂದು ಗೊತ್ತಾಗಲಿಲ್ಲ. ನಾವು ಮೂವರೂ ನಕ್ಕೆವು. ಅಮ್ಮ ಹೋದ ಮೇಲೆ ಆ ಅಂಗಳದಲ್ಲಿ ಅಷ್ಟು ಜೋರಾಗಿ ನಕ್ಕದ್ದು ಅದೇ ಮೊದಲು. ಗೊಜ್ಜಿಗೆ ಉಪ್ಪು ಜಾಸ್ತಿಯಾಗಿದೆ, ಚೆನ್ನಾಗಿಯೂ ಇದೆ.

ಹೆಸರು ಬರೆಯಲು ಊರೆಲ್ಲ ನಡೆದವರು ನಿನ್ನೊಂದಿಗೆ ಫೋನಿನಲ್ಲಿ ‘ನಾನೇ ಬಿಡಿಸ್ದೆ’ ಎಂದು ಏಕೆ ಹೇಳಿದರು ಎಂದು ನೀನು ಕೇಳುತ್ತೀಯ. ನಾನೂ ಕೇಳಬೇಕಾಗಿತ್ತು. ಅವತ್ತು ಮೆಣಸಿನಕಾಯಿಯ ಹೊಗೆಯ ನೆಪದಲ್ಲಿ ಕಣ್ಣೊರೆಸಿಕೊಂಡು ಒಳಗೆ ಹೋದೆ.

ಸಮಾಧಿಕಲ್ಲು ನಿಂತಿದೆ. ಬೂದು ಕಲ್ಲು, ಸಾದಾ. ಎಲ್ಲರ ಹಾಗೆ ಜೋಡಿ ಕಲ್ಲೇ, ಎಡಕ್ಕೆ ಅಮ್ಮ, ಬಲಕ್ಕೆ ಅಪ್ಪ. ಅಪ್ಪನ ಚಿತ್ರವನ್ನೂ ಹುಟ್ಟಿದ ವರ್ಷವನ್ನೂ ಕೆತ್ತಿ, ಮುಂದಿನ ಗೆರೆಯ ಆಚೆ ಖಾಲಿ ಬಿಟ್ಟಿದ್ದಾರೆ. ಅಪ್ಪ ಪ್ರತಿ ಭಾನುವಾರ ಹೋಗಿ ಎರಡೂ ಚಿತ್ರ ಒರೆಸುತ್ತಾರೆ. ತಮ್ಮದನ್ನು ಒರೆಸುವಾಗ, “ಈ ಮನುಷ್ಯ ತೆರಿಗೆ ವಸೂಲಿಗೆ ಬಂದೋನ ಹಾಗಿದಾನೆ, ವೆನೆತಾ ಇವ್ನ ಪಕ್ಕ ಎಷ್ಟು ವರ್ಷ ಅಂತ ಕಾಯ್ತಾಳೆ, ಪಾಪ” ಎನ್ನುತ್ತಾರೆ. ಶನಿವಾರ ಹತ್ತು ಗಂಟೆಗೆ ಪಾದ್ರಿ ಬರುತ್ತಾರೆ. ಸಕ್ಕರೆ, ಆಕ್ರೋಟು ಕಲಸಿದ ಬೆಂದ ಗೋಧಿ ನಾನು ಮಾಡುತ್ತೇನೆ. ಅಮ್ಮನ ಹಾಗೆ ಬಿಳಿ ಬಟ್ಟೆಯ ಮೇಲೆ ಹರಡಿ ಒಣಗಿಸಿಯೇ ಮಾಡುತ್ತೇನೆ, ಗಿನಾ ಚಿಕ್ಕಮ್ಮ ಹೇಗೂ ಮುದ್ದೆಯಾಯಿತು ಅನ್ನುತ್ತಾಳೆ.

ಹಾಳೆಯನ್ನೂ ಈಗ ಬರೆದು ಮುಗಿಸಿದೆ, ಈ ಕಾಗದದ ನಡುವೆಯೇ. ಅಮ್ಮನ ಪ್ರಶ್ನೆಯನ್ನು ಅಮ್ಮನಿಗೇ ಕೇಳಿದೆ: ಮನೆಯೊಳಗೆ ಬರುವಾಗ ಏನಂತಿದ್ದಳು? ಆರು ಸಾಲು ಬೇಕಾಗಲಿಲ್ಲ. ‘ಬಾಗಿಲಲ್ಲಿ ನಿಂತು “ಎಲ್ಲಾ ಇದ್ದೀರಾ?” ಎಂದು ಕೇಳುತ್ತಿದ್ದವಳು. ಪ್ರೀತಿಯ ಪತ್ನಿ, ತಾಯಿ, ಅಜ್ಜಿ ವೆನೆತಾ. ಇದ್ದೇವೆ: ಪತಿ ನಾಯ್ದೆನ್, ಮಗ ವೆಸೆಲಿನ್, ಮಗಳು ನೆದಾ, ಮೊಮ್ಮಗಳು ರಾಯಾ.’ ನಾಳೆ ಅಚ್ಚಿಗೆ ಕೊಡುತ್ತೇನೆ. ನೇರಳೆ ಉಗುರಿನ ಹುಡುಗಿ ಇದು ಯಾವ ನಂಬರು ಎಂದು ಕೇಳಿದರೆ ಏನು ಹೇಳಲಿ?

ನಿನ್ನ ಬೆನ್ನನ್ನು ನೋಡಿಕೋ. ಒದ್ದೆ ಡೆಕ್ಕಿನ ಮೇಲೆ ಕೂರಬೇಡ. ರಾಯಾ ನಿನಗೆ ಮುತ್ತು ಕಳಿಸಿದ್ದಾಳೆ, ಬರುವಾಗ ಸರ್ಬಿಯಾದ ಆ ಹುಳಿ ಮಿಠಾಯಿ ತರಬೇಕಂತೆ. ಬರುತ್ತೀಯೆಂದೇ ಅವಳ ಲೆಕ್ಕ. ಅಪ್ಪ ಏನನ್ನೂ ಕಳಿಸಿಲ್ಲ, ಕಾಗದ ಬರೆಯುತ್ತಿದ್ದೇನೆಂದು ಗೊತ್ತಾದ ಮೇಲೆ ಮಾತ್ರ ಎರಡು ಸಲ ಬಂದು ಪೆನ್ನು ಸರಿಯಾಗಿ ಓಡುತ್ತಿದೆಯಾ ಎಂದು ಕೇಳಿ ಹೋದರು. ನದಿ ನಿನಗೆ ಆಳವಾಗಿಯೂ ಮೃದುವಾಗಿಯೂ ಇರಲಿ.

ನಿನ್ನ ತಂಗಿ,
ನೆದಾ

ಮರೆತದ್ದು (ಮರೆತದ್ದಲ್ಲ): ಗಿನಾ ಚಿಕ್ಕಮ್ಮನ ಅಳಿಯ ಲಾರಿ ತಗೊಂಡು ಸರ್ಬಿಯಾದ ನೋವಿ ಸಾದ್‌ಗೆ ಹೊರಟು ನಿಂತಿದ್ದಾನೆ, ನಿನ್ನ ಏಜೆಂಟರ ಕಚೇರಿಯಲ್ಲಿ ಇದನ್ನು ಕೊಡುತ್ತಾನೆ. ಅವಳು ಗೇಟಿನಲ್ಲಿ “ಇದೇನು ಕಾಗದಾನೋ ಪುರಾಣಾನೋ” ಎನ್ನುತ್ತಿದ್ದಾಳೆ. ಆದ್ದರಿಂದ ಬೇಗ ಹೇಳಿಬಿಡುತ್ತೇನೆ. ನಿನ್ನ ಹೆಸರು ಬಿಟ್ಟದ್ದು ಅಪ್ಪ ಅಲ್ಲ. ಅಪ್ಪ ಅವತ್ತು ಅಂಗಡಿಗೆ ಬಂದೇ ಇರಲಿಲ್ಲ. ಹುಡುಗಿ “ಮಗನ ಹೆಸರು?” ಎಂದು ಕೇಳಿದಳು, ನಾನು “ಬೇಡ” ಎಂದೆ. ಅವಸರದಲ್ಲಿ ಬಿಟ್ಟುಹೋಯಿತು ಎಂದು ಒಂದು ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಹನ್ನೊಂದು ತಿಂಗಳು ಅಮ್ಮನನ್ನು ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದವಳು ನಾನು, ನೀನು ಎರಡು ಸಲ ಚಾಕೊಲೇಟ್ ಹಿಡಿದು ಬಂದೆ, ಅವಳು ಆ ಎರಡು ದಿನವನ್ನೇ ಆಮೇಲೆ ಎಲ್ಲರಿಗೂ ಹೇಳುತ್ತಿದ್ದಳು. ಅದಕ್ಕೆ. ನೀನು ಫೋನ್ ಮಾಡಿದಾಗ ಅಪ್ಪ ನನ್ನ ಮುಖ ನೋಡಿದರು, ನೋಡಿ ‘ನಾನೇ’ ಎಂದರು. ಏಕೆಂದು ನಿನ್ನೆ ಕೇಳಿದೆ. “ನಾನಿನ್ನೆಷ್ಟು ದಿನ? ನನ್ಮೇಲಿನ ಸಿಟ್ಟು ನನ್ಜೊತೆ ಮುಗಿಯುತ್ತೆ. ನಿನ್ಮೇಲಿಂದಾದ್ರೆ ನೀವಿಬ್ರೂ ಹೊತ್ಕೊಂಡು ತಿರುಗ್ಬೇಕು. ನೀವು ತಾನೆ ಉಳಿಯೋರು” ಎಂದರು. ನನ್ನ ಮೇಲೆ ಸಿಟ್ಟು ಮಾಡಿಕೋ, ಅಣ್ಣಾ. ಅದು ನನ್ನದು, ನನಗೇ ಕೊಡು. ಅಪ್ಪನನ್ನು ಬಿಡು. ರಾಯಾ ತನ್ನ ಫೋನಿನ ಹಡಗು ನಕ್ಷೆಯಲ್ಲಿ ನಿನ್ನ ಹಡಗಿನ ಗುರುತನ್ನು ಅವರಿಗೆ ತೋರಿಸಿಕೊಟ್ಟಿದ್ದಾಳೆ. ದಿನಾ ಕಾಫಿಗೆ ಮುಂಚೆ ಆ ಪುಟ್ಟ ಬಾಣ ಎಲ್ಲಿದೆಯೆಂದು ನೋಡುತ್ತಾರೆ. ಇಪ್ಪತ್ತನೇ ತಾರೀಖು ಗುರುವಾರ, ಬೆಳಗ್ಗೆ ಹನ್ನೊಂದರ ಹೊತ್ತಿಗೆ ನೀನು ನಮ್ಮ ಮುಂದೆ ಹಾದುಹೋಗುತ್ತೀಯೆಂದು ಲೆಕ್ಕ ಹಾಕಿದ್ದಾರೆ. ಹಳದಿ ಬಟ್ಟೆ ಒಗೆದು ಇಸ್ತ್ರಿ ಮಾಡಿಟ್ಟಿದ್ದಾರೆ. ನೀನು ಹಾರ್ನ್ ಹಾಕಿದರೂ ಹಾಕದಿದ್ದರೂ ಅವರು ಮೆಟ್ಟಿಲ ಮೇಲಿರುತ್ತಾರೆ. ಎರಡು ಮೂಲೆ ಹೇಗೆ ಹಿಡಿಯಬೇಕೆಂದು ಅವರಿಗೆ ಗೊತ್ತಿಲ್ಲ, ಬಟ್ಟೆ ಮುಖಕ್ಕೇ ಸುತ್ತಿಕೊಳ್ಳುತ್ತದೆ. ನಿನ್ನೆ ಇಡೀ ಮಧ್ಯಾಹ್ನ ಅಂಗಳದಲ್ಲಿ ನಿಂತು ಅಭ್ಯಾಸ ಮಾಡುತ್ತಿದ್ದರು.